ಹನ್ನೆರಡು ತಾಮ್ರದ ಬಿಲ್ಲೆಗಳ ಆಯುಧಪೂಜೆ

ಹೊಸಪೇಟೆಯ ಪೂಜಾ ಸಾಮಾನಿನ ಅಂಗಡಿಯವರ ಕಣ್ಣಿನಲ್ಲಿ ನನ್ನಷ್ಟು ದೈವಭಕ್ತಿ ಇರುವ ಹೆಣ್ಣುಮಗಳು ಈ ಸೀಮೆಯಲ್ಲೇ ಇನ್ನೊಬ್ಬಳಿಲ್ಲ. ಊದುಬತ್ತಿ ಕೇಳುವುದಿಲ್ಲ, ಕುಂಕುಮ ಕೇಳುವುದಿಲ್ಲ. ಎರಡು ತಿಂಗಳಿಗೊಮ್ಮೆ ಹೋಗಿ ಅರ್ಧ ಕಿಲೋ ಕರ್ಪೂರ ಕೊಡಿ ಅನ್ನುತ್ತೇನೆ. ಮೊದಲ ಸಲ ಅವರು ಯಾವ ಗುಡಿಗೆ ಎಂದು ಕೇಳಿದರು. ಗುಡಿಗಲ್ಲ, ಯೂನಿವರ್ಸಿಟಿಯ ಫರ್ನೇಸಿಗೆ ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನು ನೋಡಿ, ದೇವರು ಎಲ್ಲಾ ಕಡೆ ಇರುತ್ತಾನೆ ಬಿಡಮ್ಮಾ ಎಂದು ಸಮಾಧಾನ ಹೇಳಿ, ಮೇಲೆ ಎರಡು ತುಂಡು ಹೆಚ್ಚಿಗೆ ಹಾಕಿ ಕಟ್ಟಿಕೊಟ್ಟರು. ಅಂದಿನಿಂದ ಇಂದಿನವರೆಗೂ ಆ ಎರಡು ತುಂಡು ತಪ್ಪಿಲ್ಲ.

ಆ ಕರ್ಪೂರದಿಂದ ನಾನು ಮಾಡುವುದು ಆರತಿಯಲ್ಲ, ಮಸಿ. ಉದ್ದನೆಯ ಒಂದು ಕೊಳವೆ ಇದೆ, ಅದರ ಸುತ್ತ ಕುಲುಮೆ. ಒಂದು ತುದಿಯಲ್ಲಿ ಕರ್ಪೂರ ಆವಿಯಾಗುತ್ತದೆ. ಆರ್ಗಾನ್ ಅನಿಲ ಆ ಆವಿಯನ್ನು ಕೆಂಡದಂತೆ ಕಾದ ನಡುಭಾಗಕ್ಕೆ ತಳ್ಳಿಕೊಂಡು ಹೋಗುತ್ತದೆ. ಅಲ್ಲಿ ಗಾಳಿ ಇಲ್ಲದ್ದರಿಂದ ಕರ್ಪೂರಕ್ಕೆ ಉರಿಯುವ ಭಾಗ್ಯವಿಲ್ಲ. ಒಡೆದು ಚೂರಾಗಿ, ಅದರೊಳಗಿನ ಇಂಗಾಲ ಅಲ್ಲಿಟ್ಟ ತಾಮ್ರದ ಬಿಲ್ಲೆಗಳ ಮೇಲೆ ಕೂದಲೆಳೆಗಿಂತ ತೆಳುವಾದ ಕಪ್ಪು ಪದರವಾಗಿ ಕೂರುತ್ತದೆ. ಬಿಲ್ಲೆ ಅಂದರೆ ಅಂಗಿಯ ದೊಡ್ಡ ಗುಂಡಿಯಷ್ಟು ಅಗಲ. ಅದನ್ನು ಪುಟ್ಟ ಲಿಥಿಯಂ ಬ್ಯಾಟರಿಯೊಂದರ ಹೊಟ್ಟೆಯೊಳಗಿಟ್ಟು ಮುಚ್ಚಿದರೆ, ಚಾರ್ಜ್ ಮಾಡುವಾಗ ಲಿಥಿಯಂ ಬಂದು ಆ ಇಂಗಾಲದ ಪದರದೊಳಗೆ ಕೂರುತ್ತದೆ, ಬಳಸುವಾಗ ಎದ್ದು ಹೋಗುತ್ತದೆ. ಹೀಗೆ ಲಿಥಿಯಂ ಕೂರಲು ಜಾಗ ಕೊಡುವ ಬದಿಗೆ ಆನೋಡ್ ಎನ್ನುತ್ತಾರೆ. ಲಿಥಿಯಂ ಬಂದಾಗ ಪದರ ಉಬ್ಬುತ್ತದೆ, ಹೋದಾಗ ಕುಗ್ಗುತ್ತದೆ. ಇಷ್ಟು ಉಬ್ಬಿ ಕುಗ್ಗಿಯೂ ಅದು ತಾಮ್ರವನ್ನು ಬಿಡಬಾರದು. ನನ್ನ ಪಿಎಚ್.ಡಿ. ಅಂದರೆ ಇಷ್ಟೇ. ಮೂರು ವರ್ಷ ಅದು ಬಿಡುತ್ತಲೇ ಇತ್ತು.

ನಮ್ಮ ಮನೆಯಲ್ಲಿ ನನಗಿಂತ ಮೊದಲು ಹತ್ತನೇ ಕ್ಲಾಸು ದಾಟಿದವರು ಯಾರೂ ಇಲ್ಲ. ಊರು ಪಾಪಿನಾಯಕನಹಳ್ಳಿ. ಅವ್ವ ಶಾಲೆಯ ಮೆಟ್ಟಿಲು ಹತ್ತಿದ್ದು ಓಟು ಹಾಕಲು ಮಾತ್ರ. ಬುಕ್ಕಸಾಗರದ ಕಡೆ ಭತ್ತದ ನಾಟಿಗೂ ಬಾಳೆತೋಟದ ಕೆಲಸಕ್ಕೂ ಹೋಗಿ ನನ್ನನ್ನು ಓದಿಸಿದಳು. ಅಪ್ಪ ಎರಡನೇ ಕ್ಲಾಸಿನವರೆಗೆ ಕಲಿತವನು. ಅದಿರು ಲಾರಿಯಲ್ಲಿ ಕ್ಲೀನರ್ ಆಗಿ ಸಂಡೂರಿನ ಗುಡ್ಡ ಹತ್ತಿ ಇಳಿದು, ಆಮೇಲೆ ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಪಂಕ್ಚರ್ ಅಂಗಡಿ ಹಾಕಿದ. ಟಿಪ್ಪರು, ಟ್ರ್ಯಾಕ್ಟರು, ಹಂಪಿ ನೋಡಲು ಬಂದವರ ಬಾಡಿಗೆ ಮೊಪೆಡ್ಡು, ಎಲ್ಲದಕ್ಕೂ ಗಾಳಿ ಇಲ್ಲೇ. ನನ್ನ ಬಾಲ್ಯವೆಲ್ಲ ಆ ಅಂಗಡಿಯಲ್ಲೇ ಕಳೆಯಿತು. ಅಪ್ಪ ಟ್ಯೂಬು ಉಜ್ಜಿ ಇಟ್ಟನೆಂದರೆ ನಾನು ಹೋಗಿ ಅದರ ಮೇಲೆ ಬೆರಳಿಡುತ್ತಿದ್ದೆ, ಅವನು ಕೈಮೇಲೆ ಒಂದು ಏಟು ಹಾಕುತ್ತಿದ್ದ. ಯಾಕೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಬಿಳಿ ಯೂನಿಫಾರ್ಮು ಹಾಕಿಕೊಂಡು ಹೋಗಿ ಕೆಂಪು ಯೂನಿಫಾರ್ಮಿನಲ್ಲಿ ಮನೆಗೆ ಬರುತ್ತಿದ್ದೆ. ಅದಿರಿನ ಧೂಳಿಗೆ ಶಾಲೆಯ ನಿಯಮ ಗೊತ್ತಿರಲಿಲ್ಲ.

ಎಂ.ಎಸ್ಸಿ. ಮುಗಿದಾಗ ನನ್ನ ಸರ್ಟಿಫಿಕೇಟಿನ ಜೆರಾಕ್ಸಿಗೆ ಪ್ಲಾಸ್ಟಿಕ್ ಹಾಕಿಸಿ ಅಪ್ಪ ಅಂಗಡಿಯಲ್ಲಿ ಗಾಳಿ ಮಷಿನಿನ ಮೇಲೆ ತೂಗುಹಾಕಿದ. ಅದರ ಪಕ್ಕದಲ್ಲೇ ಸಾಲ ಕೇಳಬೇಡಿ ಎಂಬ ಬೋರ್ಡು ಇತ್ತು. ಗಾಳಿ ಹಾಕಿಸಲು ಬಂದ ಡ್ರೈವರುಗಳು ಎರಡನ್ನೂ ಓದುತ್ತಿದ್ದರು. ಮಗಳು ಈಗ ಏನು ಮಾಡುತ್ತಾಳೆ ಎಂದು ಕೇಳಿದವರಿಗೆ ಅಪ್ಪ, ಬ್ಯಾಟರಿ ಮೇಲೆ ಡಾಕ್ಟರಿಕೆ ಓದುತ್ತಿದ್ದಾಳೆ ಎಂದು ಹೇಳಿಬಿಟ್ಟ. ಅಲ್ಲಿಂದ ಶುರುವಾಯಿತು. ಟಿಪ್ಪರಿನ ಬ್ಯಾಟರಿ, ಇನ್ವರ್ಟರಿನ ಬ್ಯಾಟರಿ, ಹೊಟ್ಟೆ ಉಬ್ಬಿದ ಮೊಬೈಲು. ಭಾನುವಾರ ನಾನು ಊರಲ್ಲಿದ್ದೇನೆ ಎಂದು ಗೊತ್ತಾದರೆ ಮನೆಯ ಕಟ್ಟೆಯ ಮೇಲೆ ರೋಗಿಗಳ ಸಾಲು. ಇವನ್ನೆಲ್ಲ ರಿಪೇರಿ ಮಾಡಲು ನನಗೆ ಬರುವುದಿಲ್ಲ ಎಂದರೆ, ಇಷ್ಟು ಓದಿ ಅದೂ ಬರುವುದಿಲ್ಲವೇ ಎಂದು ಅವರ ಮುಖದಲ್ಲಿ ನಿಜವಾದ ಮರುಕ.

ಎಲ್ಲರಿಗಿಂತ ಹೆಚ್ಚು ಮರುಕ ಕಂಪ್ಲಿಯ ಸೋದರಮಾವನಿಗೆ. ಅವ್ವನ ತಮ್ಮ, ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಕೆಲಸ. ಕರೆಂಟಿನ ಸ್ಕೂಟರು ಕೊಂಡಿದ್ದ. ಅದು ಹಳೆಯದು, ಮೂರು ಕೈ ದಾಟಿ ಅವನ ಕೈಗೆ ಬಂದದ್ದು. ಕಂಪ್ಲಿಯಿಂದ ಹೊಸಪೇಟೆಗೆ ಹೊರಟರೆ ಬುಕ್ಕಸಾಗರದ ಹತ್ತಿರ ಬಂದು ನಿಂತುಬಿಡುತ್ತಿತ್ತು. ಅಲ್ಲಿ ಯಾರದಾದರೂ ಮನೆಯಲ್ಲಿ ಚಾರ್ಜಿಗೆ ಹಾಕಿ, ಚಹಾ ಕುಡಿದು, ಕೆಲವೊಮ್ಮೆ ಊಟವನ್ನೂ ಮಾಡಿ ಬರುತ್ತಿದ್ದ. ಇದಕ್ಕೆ ಸ್ವತಃ ನಾನೇ ಕಾರಣ ಎಂಬಂತೆ ನನ್ನ ಹತ್ತಿರ ಮಾತಾಡುತ್ತಿದ್ದ. ಒಂದು ಸಲ ನಾನು ಕೂತು, ಕರ್ಪೂರ, ತಾಮ್ರ, ಇಂಗಾಲದ ಪದರ ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಗಮನವಿಟ್ಟು ಕೇಳಿದ.

"ಅಂದ್ರ ತಾಮ್ರಕ್ಕ ಮಸಿ ಹಚ್ಚಾದು," ಎಂದ.

"ಹಂಗಲ್ಲ ಮಾವ…"

"ನಿಮ್ಮವ್ವ ದಿನಾ ಪಾತ್ರಿ ತಳದ ಮಸಿ ಬಿಡಸ್ತಾಳ. ನೀನು ಹಚ್ಚಾಕ ಓದಾಕತ್ತಿ. ಛಲೋ ಆತು ಬಿಡು, ಮನಿಯಾಗ ಇಬ್ರಿಗೂ ಕೆಲಸ."

ಅವ್ವ ಮಾವನನ್ನು ಬೈದಳು. ಆದರೆ ಅವಳಿಗೂ ನನ್ನ ಕಷ್ಟ ಅರ್ಥವಾಗಿರಲಿಲ್ಲ. ಪದರ ಉಬ್ಬಿ ತಾಮ್ರದಿಂದ ಏಳುತ್ತದೆ, ಅದೇ ತೊಂದರೆ ಎಂದು ಹೇಳಿದರೆ ಅವಳು ಕೈಯಲ್ಲಿ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಉಬ್ಬಿ ಹಂಚು ಬಿಟ್ರನ ರೊಟ್ಟಿ. ಬಿಡಲಿಲ್ಲಂದ್ರ ಸೀದಂಗ." ಅವಳ ಶಾಸ್ತ್ರದಲ್ಲಿ ನಾನು ಮೂರು ವರ್ಷದಿಂದ ಒಳ್ಳೆಯ ರೊಟ್ಟಿಯನ್ನೇ ಮಾಡುತ್ತಿದ್ದೆ.

ಯೂನಿವರ್ಸಿಟಿಯಲ್ಲಿ ಈ ಶಾಸ್ತ್ರ ನಡೆಯುವುದಿಲ್ಲ. ವರ್ಷಕ್ಕೊಮ್ಮೆ ಮೂವರು ಪ್ರಾಧ್ಯಾಪಕರ ಕಮಿಟಿ ಕೂತು ನಮ್ಮ ಕೆಲಸ ಪರೀಕ್ಷಿಸುತ್ತದೆ. ಮೊದಲ ವರ್ಷ ನನ್ನ ಪದರ ಉದುರಿತ್ತು. ಮಾಡಿ ನೋಡಿ ಎಂದರು. ಎರಡನೇ ವರ್ಷವೂ ಉದುರಿತ್ತು. ಗಂಭೀರವಾಗಿ ಮಾಡಿ ಎಂದರು. ನಾನು ಗಂಭೀರವಾಗಿಯೇ ಇದ್ದೆ, ಪದರವೇ ಇರಲಿಲ್ಲ. ಮೂರನೇ ವರ್ಷ ನಮ್ಮ ಗೈಡ್ ಮೇಡಂ ನನ್ನನ್ನು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು. ಅವರು ಮೈಸೂರಿನ ಕಡೆಯವರು, ಕೆಟ್ಟ ಸುದ್ದಿಯನ್ನೂ ಮೆತ್ತಗೆ ಹೇಳುತ್ತಾರೆ. ಈ ಸಲವೂ ಪದರ ಕಿತ್ತುಬಂದರೆ ವಿಷಯ ಕೈಬಿಡಲು ಕಮಿಟಿ ಹೇಳುತ್ತದೆ, ಬೇರೆ ವಿಷಯ ಹಿಡಿದು ಮೊದಲಿನಿಂದ ಶುರು ಮಾಡಬೇಕಾಗುತ್ತದೆ ಎಂದರು. ಮೊದಲಿನಿಂದ ಎಂಬ ಮಾತು ನನ್ನಂಥವರಿಗೆ ಏನು ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಹಿಂದೆ ಯಾರೂ ನಡೆದಿರದ ದಾರಿಯಲ್ಲಿ ಮೂರು ವರ್ಷ ನಡೆದವಳಿಗೆ ಮತ್ತೆ ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲು ಎಂದ ಹಾಗೆ. ಅದರ ಮೇಲೆ ಮಾವ ಬೇರೆ, ಗಿರಣಿಯ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಖಾಲಿ ಇದೆ, ಹೇಳಿ ಇಟ್ಟಿದ್ದೇನೆ ಎಂದು ಪ್ರತಿ ವಾರ ಫೋನು ಮಾಡುತ್ತಿದ್ದ.

ಕಮಿಟಿ ಕೂರುವುದು ದಸರೆ ಮುಗಿದ ಮುಂದಿನ ವಾರದ ಸೋಮವಾರ. ಬ್ಯಾಟರಿ ಜೋಡಿಸುವುದನ್ನು ಗಾಳಿ, ತೇವ ಎರಡೂ ಇಲ್ಲದ ಒಂದು ಗಾಜಿನ ಪೆಟ್ಟಿಗೆಯೊಳಗೆ ಕೈ ತೂರಿಸಿ ಮಾಡಬೇಕು. ಇಡೀ ವಿಭಾಗಕ್ಕೆ ಅದು ಒಂದೇ. ನನ್ನ ಪಾಳಿ ಅದರ ಹಿಂದಿನ ಬುಧವಾರ. ದಸರೆಯ ರಜೆಗೆ ಮುಂಚೆಯೇ ನಾನು ಹನ್ನೆರಡು ಬಿಲ್ಲೆ ತಯಾರು ಮಾಡಿದೆ. ಪ್ರಬಂಧಗಳಲ್ಲಿ ಬರೆದಿದ್ದಂತೆಯೇ ತಾಮ್ರವನ್ನು ಕನ್ನಡಿಯ ಹಾಗೆ ಪಾಲಿಶ್ ಮಾಡಿ, ತೊಳೆದು, ಅದರ ಮೇಲೆ ಪದರ ಬೆಳೆಸಿದ್ದೆ. ಅಷ್ಟು ನುಣುಪಾದ ಕಪ್ಪನ್ನು ನಾನು ಅದುವರೆಗೆ ಕಂಡಿರಲಿಲ್ಲ. ಒಂದು ಚಿಕ್ಕ ಸ್ಟೀಲ್ ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿದೆ. ಅವನ್ನು ಲ್ಯಾಬಿನಲ್ಲೇ ಬಿಡಬೇಕಿತ್ತು. ಬಿಡಲಿಲ್ಲ, ಅದಕ್ಕೆ ಕಾರಣ ಅಪ್ಪನ ಫೋನು.

ಆಯುಧಪೂಜೆ ಅಂದರೆ ನಮ್ಮ ಸಂಡೂರು ರಸ್ತೆಯಲ್ಲಿ ಸಣ್ಣ ವಿಷಯವಲ್ಲ. ಲಾರಿಗಳಿಗೆ ಬಾಳೆಕಂದು, ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಬೂದುಗುಂಬಳ ಒಡೆದು ರಸ್ತೆಯೆಲ್ಲ ಜಾರು. ಅಪ್ಪ ಅಂದು ಅಂಗಡಿಯ ಜಾಕು, ಪಾನಾ, ಸುತ್ತಿಗೆ ಎಲ್ಲವನ್ನೂ ಉಜ್ಜಿ ತೊಳೆದು ಸಾಲಾಗಿ ಕೂರಿಸುತ್ತಾನೆ. ಅವ್ವನ ಕುಡುಗೋಲೂ ಆ ಸಾಲಿನಲ್ಲಿರುತ್ತದೆ. ನಾನು ಓದುವಾಗ ನನ್ನ ಪೆನ್ನು, ಕಂಪಾಸ್ ಪೆಟ್ಟಿಗೆ ಇರುತ್ತಿದ್ದವು. ಈ ಸಲ ಅಪ್ಪ ಫೋನಿನಲ್ಲಿ, ಪೆನ್ನು ತರುವ ವಯಸ್ಸು ಮುಗಿಯಿತು, ನೀನು ಈಗ ಹಿಡಿದಿರುವ ಆಯುಧ ಯಾವುದೋ ಅದನ್ನು ತಾ ಎಂದ. ಕುಲುಮೆಯನ್ನು ಬಸ್ಸಿನಲ್ಲಿ ತರಲು ಬರುವುದಿಲ್ಲವಲ್ಲ. ಆದರೆ ಬಿಲ್ಲೆಗಳ ಡಬ್ಬಿ ಬ್ಯಾಗಿನ ಜೇಬಿನಲ್ಲಿ ಕೂರುತ್ತಿತ್ತು. ನಿಜ ಹೇಳಬೇಕೆಂದರೆ, ಮೂರು ವರ್ಷದಲ್ಲಿ ಮೊದಲ ಬಾರಿಗೆ ತೋರಿಸಲು ಏನೋ ಇತ್ತು, ತೋರಿಸುವ ಆಸೆಯೂ ಇತ್ತು.

ಪೂಜೆಯ ಬೆಳಿಗ್ಗೆ ಡಬ್ಬಿಯನ್ನು ಅಪ್ಪನ ಕೈಗೆ ಕೊಟ್ಟು, ಇದೇ ನನ್ನ ಆಯುಧ, ಜೋಪಾನ ಎಂದೆ. ಮುಚ್ಚಳ ತೆಗೆಯಬೇಡ ಎಂದು ಹೇಳಲಿಲ್ಲ. ಮುಚ್ಚಿದ ಡಬ್ಬಿಯನ್ನು ಯಾರೂ ಪೂಜೆ ಮಾಡುವುದಿಲ್ಲ ಎಂಬುದು ನನಗೆ ಹೊಳೆಯಬೇಕಿತ್ತು. ನಾನು ಅವ್ವನ ಜೊತೆ ಹೂವು, ಹಣ್ಣು ತರಲು ಪೇಟೆಗೆ ಹೋದೆ. ಹಬ್ಬದ ಜನಜಂಗುಳಿಯಲ್ಲಿ ಅವ್ವ ಒಂದು ಮಾರು ಚೆಂಡುಹೂವಿಗೆ ನಾಲ್ಕು ಅಂಗಡಿ ತಿರುಗಿದಳು. ತಿರುಗಿ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು.

ಅಂಗಡಿಯಲ್ಲಿ ಆಯುಧಗಳ ಸಾಲು ಸಿದ್ಧವಾಗಿತ್ತು. ನಡುವೆ, ದೊಡ್ಡ ಜಾಕಿನ ಮುಂದೆ, ಹಿತ್ತಾಳೆ ತಟ್ಟೆ. ತಟ್ಟೆಯಲ್ಲಿ ಹನ್ನೆರಡು ಬಿಲ್ಲೆ. ಆಗತಾನೇ ಹುಟ್ಟಿದ ಕೂಸಿನಂತೆ ಕೆಂಪಗೆ, ಒಂದೊಂದರ ಮೇಲೂ ವಿಭೂತಿ ಮೂರು ಗೆರೆ, ನಡುವೆ ಕುಂಕುಮ. ಕಪ್ಪು ಎಂಬುದು ಎಲ್ಲೂ ಇರಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಅಪ್ಪನ ಕೈಯಲ್ಲಿ ಸವೆದ ಉಪ್ಪುಕಾಗದದ ತುಂಡು ಇತ್ತು, ಮುಖದಲ್ಲಿ ಕೆಲಸ ಮುಗಿಸಿದವನ ತೃಪ್ತಿ.

"ಭಾಳ ಮಸಿ ಹಿಡಿದಿತ್ತವ್ವಾ," ಎಂದ. "ಮಸಿ ಹತ್ತಿದ್ದು ಪೂಜಿಗೆ ಇಡಾಕ ಬರಂಗಿಲ್ಲ. ಅದಕ್ಕ ಉಜ್ಜಿ ಕೊಟ್ಟೆ."

ಅವ್ವ ಕೈಯಲ್ಲಿ ಹೂವು ಹಿಡಿದು ನನ್ನನ್ನೂ ತಟ್ಟೆಯನ್ನೂ ನೋಡಿದಳು. ಕಂಪ್ಲಿಯಿಂದ ಹಬ್ಬಕ್ಕೆ ಬಂದಿದ್ದ ಮಾವ ಮಂಡಾಳು ಒಗ್ಗರಣೆ ತಿನ್ನುತ್ತಿದ್ದವನು ತನ್ನ ಮಂಡಕ್ಕಿ ತಟ್ಟೆ ಕೆಳಗಿಟ್ಟ. ಏನೋ ಆಗಿದೆ ಎಂದು ಎಲ್ಲರಿಗಿಂತ ಮೊದಲು ಅವನಿಗೇ ತಿಳಿಯಿತು.

"ಅಪ್ಪಾ, ಆ ಮಸಿನೇ ನನ್ನ ಓದು," ಎಂದೆ.

ಅಪ್ಪ ಕೈಯಲ್ಲಿದ್ದ ಉಪ್ಪುಕಾಗದವನ್ನು ನೋಡಿದ. ಮೂರು ವರ್ಷದ ಕೆಲಸ ಅದರ ಮೇಲೆ ಕರ್ರಗೆ ಹತ್ತಿಕೊಂಡಿತ್ತು. ಅದನ್ನು ನನಗೆ ಕೊಟ್ಟರೆ ಏನಾದರೂ ಉಪಯೋಗವಾದೀತೇ ಎಂಬಂತೆ ಮುಂದೆ ಚಾಚಿದ. ಮಾವ ಆ ಕ್ಷಣದಲ್ಲಿ, ಗಿರಣಿಯ ಕೆಲಸ ಇನ್ನೂ ಖಾಲಿ ಇದೆ ಎಂದು ನೆನಪಿಸಿದ. ಅವ್ವ ಅವನ ಕಡೆ ನೋಡಿದ ನೋಟಕ್ಕೆ ಅವನು ಮತ್ತೆ ತಟ್ಟೆ ಎತ್ತಿಕೊಂಡ.

ನಾನು ಟೈರುಗಳ ರಾಶಿಯ ಮೇಲೆ ಕೂತು ಅತ್ತೆ. ಬೂದುಗುಂಬಳ ಒಡೆಯಲು ಕಾದಿದ್ದ ಟಿಪ್ಪರ್ ಡ್ರೈವರೊಬ್ಬರು ಯಾರಾದರೂ ತೀರಿಕೊಂಡರೇ ಎಂದು ವಿಚಾರಿಸಿದರು. ಹನ್ನೆರಡು ಮಂದಿ ಎಂದು ಹೇಳುವ ಮನಸ್ಸಾಯಿತು. ಅಪ್ಪ ಪೂಜೆಯನ್ನು ನಿಲ್ಲಿಸಲಿಲ್ಲ. ನಿಲ್ಲಿಸಲು ಬರುವುದೂ ಇಲ್ಲ, ರಸ್ತೆಯಲ್ಲಿ ಆರು ಲಾರಿ ಕಾದಿದ್ದವು. ಕರ್ಪೂರ ಹಚ್ಚಿ ಎಲ್ಲ ಆಯುಧಗಳಿಗೂ ಬೆಳಗಿದ. ನನ್ನ ಬಿಲ್ಲೆಗಳ ಮುಂದೆ ಸ್ವಲ್ಪ ಹೆಚ್ಚು ಹೊತ್ತು ಹಿಡಿದ. ಅದೇ ಕರ್ಪೂರದ ಮಸಿ ಆ ಬಿಲ್ಲೆಗಳ ಮೇಲೆ ಎರಡು ತಾಸಿನ ಹಿಂದೆ ಇತ್ತು ಎಂದು ಅವನಿಗೆ ಗೊತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ನನ್ನ ಪಕ್ಕ ಬಂದು ಕೂತ. ಕ್ಷಮಿಸು ಎನ್ನುವ ಮಾತು ಅವನ ಬಾಯಲ್ಲಿ ಬರುವುದಿಲ್ಲ, ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಒಂದು ಮಿರ್ಚಿ ಬಜ್ಜಿ ಕೊಟ್ಟ. ನಾನು ತೆಗೆದುಕೊಳ್ಳಲಿಲ್ಲ. ಅವನೇ ತಿಂದ. ಆಮೇಲೆ ತುಸು ಅಳುಕುತ್ತಾ, ಒಂದು ಮಾತು ಕೇಳಲೇ ಎಂದ.

"ಆ ಮಸಿ ಅದ್ರ ಮ್ಯಾಲ ಗಟ್ಟಿ ಕುಂದ್ರಬೇಕಾಗಿತ್ತೇನು?"

ಹೂಂ ಎಂದೆ.

"ಕುಂತೇ ಇರಲಿಲ್ಲಲ್ಲವ್ವಾ ಅದು. ಊದಿದ್ರ ಹಾರಂಗಿತ್ತು. ಕಾಗದ ಮುಟ್ಟಸೂದ್ರಾಗ ಎದ್ದು ಬಂತು."

ಇದಕ್ಕಿಂತ ನೇರವಾಗಿ ಯಾವ ಕಮಿಟಿಯೂ ನನಗೆ ಹೇಳಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಇದು ನಿನ್ನ ಟ್ಯೂಬಲ್ಲ ಎಂದೆ. ತಾಮ್ರವನ್ನು ಕನ್ನಡಿಯ ಹಾಗೆ ಮಾಡಿ ಅದರ ಮೇಲೆ ಪದರ ಬೆಳೆಸುತ್ತೇವೆ, ದೊಡ್ಡ ದೊಡ್ಡ ದೇಶಗಳಲ್ಲಿ ಹೀಗೇ ಮಾಡುತ್ತಾರೆ ಎಂದೆ. ಅಪ್ಪ ಕನ್ನಡಿ ಎಂಬಲ್ಲೇ ನಿಂತುಬಿಟ್ಟಿದ್ದ.

"ನುಣ್ಣನ್ನದಕ್ಕ ಹಚ್ಚಿದ್ರ ಯಾವುದು ಹಿಡಿತೈತಿ? ಟ್ಯೂಬು ಉಜ್ಜದ ಪ್ಯಾಚು ಹಾಕಿದ್ರ ಕಮಲಾಪುರ ಮುಟ್ಟಂಗಿಲ್ಲ. ಹೊಳಪು ಹೋಗೂತನ ಉಜ್ಜಬೇಕು, ಗೀರು ಬೀಳಬೇಕು. ಗೀರಿನಾಗ ಅದು ಕಾಲಿಡತೈತಿ."

ಇಪ್ಪತ್ತು ವರ್ಷ ಓದಿದವಳಿಗೆ ಎರಡನೇ ಕ್ಲಾಸಿನವನು ಪಾಠ ಹೇಳುತ್ತಿದ್ದಾನೆ ಎಂಬ ಸಿಟ್ಟಿನಲ್ಲೇ ಆ ರಾತ್ರಿ ಊಟ ಬಿಟ್ಟೆ. ಮರುದಿನ ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎಂದು ಎಲ್ಲರೂ ಹೇಳಿಕೊಳ್ಳುವಾಗ, ನನಗೆ ಬಂಗಾರ ಬೇಡವಾಗಿತ್ತು, ಹನ್ನೆರಡು ಕಪ್ಪು ಬಿಲ್ಲೆ ಬೇಕಿತ್ತು.

ರಜೆ ಮುಗಿದು ಲ್ಯಾಬಿಗೆ ಹೋದಾಗ ಮೊದಲು ನೋಡಿದ್ದು ತಾಮ್ರದ ಹಾಳೆಯನ್ನು. ಬಿಲ್ಲೆ ಕತ್ತರಿಸುವಷ್ಟು ಉಳಿದಿರಲಿಲ್ಲ. ಹೊಸದಕ್ಕೆ ಅರ್ಜಿ ಹಾಕಿದರೆ ಅದು ಬರುವಷ್ಟರಲ್ಲಿ ಇನ್ನೊಂದು ಹಬ್ಬ ಬರುತ್ತದೆ. ಮೇಡಂಗೆ ಸತ್ಯ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ವಿಭೂತಿ ಹಚ್ಚಿಕೊಂಡ ಹನ್ನೆರಡು ಬಿಲ್ಲೆಗಳನ್ನು ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಒಂದೇ: "ಪೂಜೆ ಚೆನ್ನಾಗಿ ಆಯ್ತೇನಮ್ಮಾ?"

ಬೇರೆ ದಾರಿ ಇರಲಿಲ್ಲ. ವಿಭೂತಿ ಕುಂಕುಮ ಹೋಗುವವರೆಗೆ ತೊಳೆದೆ. ಪಾಲಿಶ್ ಮಾಡಲು ಸಮಯವೂ ಇರಲಿಲ್ಲ, ಅಪ್ಪನ ಗೀರುಗಳು ಅಷ್ಟು ಸುಲಭವಾಗಿ ಹೋಗುವಂಥವೂ ಅಲ್ಲ. ಗೀರು ಬಿದ್ದ ತಾಮ್ರವನ್ನೇ ಕುಲುಮೆಗೆ ಕೂರಿಸಿ, ಅಂಗಡಿಯವರು ಹೆಚ್ಚಿಗೆ ಹಾಕಿದ್ದ ಆ ಎರಡು ತುಂಡನ್ನೂ ಸೇರಿಸಿ ಕರ್ಪೂರ ಇಟ್ಟೆ. ಸಂಜೆ ತೆಗೆದಾಗ ಪದರ ನೋಡಲು ಚೆಂದವಿರಲಿಲ್ಲ. ಎತ್ತಿನ ಬೆನ್ನಿನ ಮೇಲಿನ ಬಾರುಕೋಲಿನ ಗುರುತಿನಂತೆ ಗೀರುಗಳು ಕಪ್ಪಿನೊಳಗಿಂದ ಕಾಣುತ್ತಿದ್ದವು.

ಪದರ ಗಟ್ಟಿಯಿದೆಯೇ ಎಂದು ನೋಡಲು ನಮ್ಮಲ್ಲಿ ಒಂದು ಸರಳ ಪರೀಕ್ಷೆ ಇದೆ. ಅಂಟುಟೇಪು ಒತ್ತಿ ಕೀಳುವುದು. ಮೂರು ವರ್ಷ ಟೇಪಿನ ಮೇಲೆ ನನ್ನ ಪದರ ಬಿಲ್ಲೆಯ ಮೇಲಿದ್ದದ್ದಕ್ಕಿಂತ ಚೆನ್ನಾಗಿ ಕೂರುತ್ತಿತ್ತು. ಈ ಸಲ ಟೇಪು ಬಂತು, ಪದರ ಬರಲಿಲ್ಲ. ಟೇಪೇ ಹಳೆಯದಿರಬೇಕು ಎಂದು ಹೊಸ ಸುರುಳಿ ಒಡೆದೆ. ಬರಲಿಲ್ಲ. ಎರಡನೇ ಬಿಲ್ಲೆ, ಮೂರನೆಯದು. ಬರಲಿಲ್ಲ. ಸಂತೋಷಕ್ಕಿಂತ ಮೊದಲು ನನಗೆ ಆದದ್ದು ಅವಮಾನ, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಸಂತೋಷವೂ ಬಂತು, ಆದರೆ ಕಮಲಾಪುರ ಮುಟ್ಟುವುದಿಲ್ಲ ಎಂಬ ಅಪ್ಪನ ಮಾತನ್ನು ಜೊತೆಗೇ ಕರೆದುಕೊಂಡು ಬಂತು.

ಬುಧವಾರ ಬ್ಯಾಟರಿಗಳನ್ನು ಜೋಡಿಸಿ ಚಾರ್ಜ್ ಮಾಡುವ ಮಷಿನಿಗೆ ಹಾಕಿದೆ. ಸೋಮವಾರ ಕಮಿಟಿಯ ಮುಂದೆ ನಿಂತಾಗ ಅವು ಇನ್ನೂ ಉಬ್ಬುತ್ತಾ ಕುಗ್ಗುತ್ತಾ ಓಡುತ್ತಲೇ ಇದ್ದವು. ಹಿಂದಿನ ಎರಡು ವರ್ಷ ಗ್ರಾಫಿನ ಗೆರೆ ಹಂಪಿಯ ಗುಡ್ಡ ಇಳಿದಂತೆ ಇಳಿದಿತ್ತು. ಈ ಸಲ ಭತ್ತದ ಗದ್ದೆಯಂತೆ ಸಮನಾಗಿ ಹೋಗಿತ್ತು. ಕಮಿಟಿಯ ಹಿರಿಯ ಸರ್ ಸೂಕ್ಷ್ಮದರ್ಶಕದ ಚಿತ್ರ ನೋಡಿ, ಈ ಗೀರುಗಳೇನು ಎಂದು ಕೇಳಿದರು. ಯಂತ್ರದಿಂದ ಒರಟು ಮಾಡಿದ ಮೇಲ್ಮೈ ಎಂದು ಬರೆದಿಟ್ಟುಕೊಂಡಿದ್ದೆ. ಓದಲು ಬಾಯಿ ಬರಲಿಲ್ಲ.

"ಸರ್, ನಮ್ಮಪ್ಪ ಉಪ್ಪುಕಾಗದದಲ್ಲಿ ಉಜ್ಜಿದ್ದು," ಎಂದೆ.

ಅವರು ಪುಟ ತಿರುವಿ, ಬಿಲ್ಲೆಯ ಮೇಲೆ ಅಷ್ಟಿಷ್ಟು ಕಬ್ಬಿಣದ ಅಂಶವೂ ಕಾಣುತ್ತಿದೆಯಲ್ಲ, ಅದೆಲ್ಲಿಂದ ಬಂತು ಎಂದರು. ಅಪ್ಪನ ಅಂಗಡಿ ಸಂಡೂರು ರಸ್ತೆಯಲ್ಲಿದೆ ಸರ್, ನಮ್ಮ ಅನ್ನದಲ್ಲೂ ಅಷ್ಟು ಕಬ್ಬಿಣ ಇರುತ್ತದೆ ಎಂದೆ. ಮೂವರಲ್ಲಿ ಒಬ್ಬರು ನಕ್ಕರು. ಅವರ ಊರು ಆ ಕಡೆಯದೇ ಇರಬೇಕು. ಹಿರಿಯ ಸರ್ ನಗಲಿಲ್ಲ. ಒಂದು ಸಲ ಹಿಡಿದದ್ದು ಅದೃಷ್ಟ, ಎರಡನೇ ಸಲವೂ ಹಿಡಿದರೆ ವಿಜ್ಞಾನ ಎಂದರು. ಹೊಸ ತಾಮ್ರದ ಮೇಲೆ ಇದನ್ನೇ ಮತ್ತೆ ಮಾಡಿ ತೋರಿಸಿದರೆ ವಿಷಯ ಮುಂದುವರಿಸಬಹುದು, ಇಲ್ಲದಿದ್ದರೆ ಬಿಡಬೇಕು.

ಹೊಸ ತಾಮ್ರ ಬರುವಷ್ಟರಲ್ಲಿ ನಿಜಕ್ಕೂ ದೀಪಾವಳಿ ಕಳೆಯಿತು. ಹನ್ನೆರಡು ಬಿಲ್ಲೆ ಕತ್ತರಿಸಿ, ಉಪ್ಪುಕಾಗದ ತಂದು, ಲ್ಯಾಬಿನಲ್ಲೇ ಕೂತು ನಾನೇ ಉಜ್ಜಿದೆ. ಅದರಲ್ಲೇನಿದೆ ದೊಡ್ಡ ವಿದ್ಯೆ. ಸರಿಯಾಗಿ ಒರಟಾಗಿದೆಯೇ ಎಂದು ಒಂದೊಂದನ್ನೂ ಸವರಿ ನೋಡಿ, ಕುಲುಮೆಗೆ ಹಾಕಿದೆ. ಟೇಪು ಹಚ್ಚಿ ಕಿತ್ತೆ. ಪದರ ನಡುವಿನಿಂದ ಕಿತ್ತುಬಂತು, ಹಳೆಯ ನೆಂಟನ ಹಾಗೆ. ಇನ್ನೊಂದು ಸರದಿ ಮಾಡಿದೆ. ಅದೂ ಬಂತು.

ಶನಿವಾರ ಬಸ್ಸು ಹತ್ತಿ ನೇರ ಅಂಗಡಿಗೆ ಹೋದೆ. ಅಪ್ಪ ಟಿಪ್ಪರಿನ ಟೈರು ಬಿಚ್ಚುತ್ತಿದ್ದ. ಅದರ ಹಿಂದೆ ಒಂದು ಟ್ರ್ಯಾಕ್ಟರು, ಅದರ ಹಿಂದೆ ಹಂಪಿಯ ಕಲ್ಲಿಗೆ ಟೈರು ಹರಿದುಕೊಂಡ ಬಾಡಿಗೆ ಮೊಪೆಡ್ಡಿನ ಜೊತೆ ವಿದೇಶಿ ದಂಪತಿ. ನಾನು ಹೊಸದಾಗಿ ಕತ್ತರಿಸಿ ತಂದಿದ್ದ ಹನ್ನೆರಡು ಬಿಲ್ಲೆಗಳ ಡಬ್ಬಿ ತೆರೆದು ಅವನ ಮುಂದೆ ಹಿಡಿದೆ. ಅವನು ತಲೆಯೆತ್ತದೆ, ಅವರು ಮೊದಲು ಬಂದವರು, ನೀನು ಆಮೇಲೆ ಎಂದ. ಕಮಿಟಿಯೂ ನನ್ನನ್ನು ಅಷ್ಟು ಹೊತ್ತು ಕಾಯಿಸಿರಲಿಲ್ಲ. ವಿದೇಶಿ ಹೆಂಗಸು ನನ್ನ ಡಬ್ಬಿಯನ್ನು ನೋಡಿ, ನಿನ್ನ ಗಾಡಿಗೆ ಏನಾಗಿದೆ ಎಂದು ಕೇಳಿದಳು. ಪಂಕ್ಚರ್ ಎಂದೆ.

ನನ್ನ ಪಾಳಿ ಬಂದಾಗ, ನಾನು ಉಜ್ಜಿದ್ದು ಹಿಡಿಯಲಿಲ್ಲ ಎಂದೆ. ಅಪ್ಪ ಕೈ ತೊಳೆದು, ಉಪ್ಪುಕಾಗದವನ್ನು ನನ್ನ ಕೈಗೇ ಕೊಟ್ಟು ಉಜ್ಜು ನೋಡೋಣ ಎಂದ. ಉಜ್ಜಿದೆ. ಅಡ್ಡ ಉಜ್ಜಿದ ಮೇಲೆ ಉದ್ದಕ್ಕೂ ಉಜ್ಜು ಎಂದ, ಉಜ್ಜಿದೆ. ಹೊಳಪು ಹೋಯಿತು. ಸರಿಯಾಯಿತೇ ಎಂದು ನೋಡಲು ನಾನು ಹೆಬ್ಬೆರಳು ಚಾಚಿದೆ. ಕೈಮೇಲೆ ಏಟು ಬಿತ್ತು.

ಇಪ್ಪತ್ತು ವರ್ಷದ ಹಿಂದಿನದೇ ಏಟು, ಅದೇ ಜಾಗದಲ್ಲಿ. ಟ್ರ್ಯಾಕ್ಟರಿನವನು ತಿರುಗಿ ನೋಡಿದ.

"ಉಜ್ಜಿದ್ಮ್ಯಾಲ ಬೆರಳು ಮುಟ್ಟಸಬ್ಯಾಡಂತ ಎಷ್ಟ್ ಸಲ ಹೇಳಿನಿ?" ಎಂದ ಅಪ್ಪ. "ಬೆರಳಿನ ಜಿಡ್ಡು ಕುಂತ್ರ ಮುಗೀತು, ಯಾವ ಸಲ್ಯೂಷನ್ನೂ ಹಿಡಿಯಂಗಿಲ್ಲ."

ಹೇಳಿರಲಿಲ್ಲ. ಒಂದು ಸಲವೂ ಹೇಳಿರಲಿಲ್ಲ, ಬರೀ ಹೊಡೆದಿದ್ದ. ಆದರೆ ಆ ವಾದ ಎತ್ತಲು ಅದು ಹೊತ್ತಲ್ಲ. ಮೊದಲ ಸಲ ವಿಭೂತಿ ತೊಳೆಯುವಾಗ ಚಿಮಟದಲ್ಲಿ ಹಿಡಿದು ಎರಡು ಸಲ ದ್ರಾವಕದಲ್ಲಿ ಅದ್ದಿದ್ದೆ, ಅದಾದ ಮೇಲೆ ಕೈ ತಾಗಿಸಿರಲಿಲ್ಲ. ಎರಡನೇ ಸಲ ನನ್ನದೇ ಕೈಕೆಲಸ ಎಂಬ ಹೆಮ್ಮೆಯಲ್ಲಿ ಪ್ರತಿ ಬಿಲ್ಲೆಯನ್ನೂ ಸವರಿದ್ದೆ. ನನ್ನ ಪದರ ತಾಮ್ರದ ಮೇಲಲ್ಲ, ನನ್ನ ಹೆಬ್ಬೆಟ್ಟಿನ ಮೇಲೆ ಕೂತಿತ್ತು. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತದ ಮೊದಲನೆಯವಳು ನಾನು ಎಂದುಕೊಂಡಿದ್ದೆ. ಹನ್ನೆರಡು ಕಡೆ ಒತ್ತಿ ಬಂದಿದ್ದೆ.

ಹನ್ನೆರಡನ್ನೂ ಅಲ್ಲೇ ಕೂತು ಉಜ್ಜಿದೆ. ಅಪ್ಪ ಒಂದೊಂದನ್ನೂ ಅಂಚಿನಲ್ಲಿ ಹಿಡಿದು, ಬಿಸಿಲಿಗೆ ಓರೆ ಮಾಡಿ ನೋಡಿ, ಎರಡನ್ನು ವಾಪಸು ಕೊಟ್ಟ. ಹೊಳಪು ಇನ್ನೂ ಇದೆಯಂತೆ. ಮತ್ತೆ ಉಜ್ಜಿದೆ. ಹೊತ್ತು ಇಳಿಯುವಾಗ ಮಾವನ ಫೋನು ಬಂತು. ಸ್ಕೂಟರು ಬುಕ್ಕಸಾಗರದಲ್ಲಿ ನಿಂತಿದೆ, ಚಾರ್ಜಿಗೆ ಹಾಕಿದ್ದೇನೆ, ಗಿರಣಿಯ ಕೆಲಸದ ಬಗ್ಗೆ ಇವತ್ತೇ ಹೇಳಬೇಕು, ಏನು ಹೇಳಲಿ ಎಂದ. ನನ್ನ ಎರಡೂ ಕೈ ಮೇಲಕ್ಕೆತ್ತಿ ಹಿಡಿದಿದ್ದೆ, ಏನನ್ನೂ ಮುಟ್ಟುವಂತಿರಲಿಲ್ಲ. ಫೋನನ್ನು ಅಪ್ಪನೇ ನನ್ನ ಕಿವಿಗೆ ಹಿಡಿದಿದ್ದ.

"ಬ್ಯಾರೆಯವರಿಗೆ ಕೊಡಾಕ ಹೇಳು ಮಾವ," ಎಂದೆ. "ನನಗ ಇಲ್ಲಿ ಕೆಲಸ ಐತಿ."

ಸೋಮವಾರ ಚಿಮಟದಲ್ಲೇ ಎತ್ತಿ, ದ್ರಾವಕದಲ್ಲಿ ಎರಡು ಸಲ ತೊಳೆದು ಕುಲುಮೆಗಿಟ್ಟೆ. ಮಂಗಳವಾರ ಮೇಡಂ, ಹಿರಿಯ ಸರ್ ಇಬ್ಬರೂ ನಿಂತು ನೋಡುವಾಗ ಟೇಪು ಒತ್ತಿದೆ. ಸರ್ ತಾವೇ ಕೀಳುತ್ತೇನೆ ಎಂದರು, ಜೋರಾಗಿಯೇ ಕಿತ್ತರು. ಟೇಪನ್ನು ಬೆಳಕಿಗೆ ಹಿಡಿದರು. ಬೆಳ್ಳಗಿತ್ತು. ಇನ್ನೊಂದು ಕಿತ್ತರು. ಅದೂ ಬೆಳ್ಳಗಿತ್ತು. ಆಮೇಲೆ, ನಿಜಕ್ಕೂ ಗಟ್ಟಿ ಇದೆಯಲ್ಲ ಎಂದು ಬಿಲ್ಲೆಯ ಮೇಲೆ ಬೆರಳಾಡಿಸಲು ಕೈ ಚಾಚಿದರು.

ನಾನು ಅವರ ಕೈಗೆ ಹೊಡೆಯಲಿಲ್ಲ. ಆದರೆ ಡಬ್ಬಿಯನ್ನು ಎಷ್ಟು ಬೇಗ ಹಿಂದಕ್ಕೆ ಎಳೆದುಕೊಂಡೆನೆಂದರೆ, ಮೇಡಂ ನಗು ತಡೆಯಲು ಕಿಟಕಿಯ ಕಡೆ ತಿರುಗಿ ನಿಂತರು.